ಸೋತ ಮೇಲೆ ದುಪ್ಪಟ್ಟು ಹಾಕುವ ಚಟ ನಿಲ್ಲಿಸುವುದು ಹೇಗೆ?

ದಿನಕ್ಕೆ ಮೂರು ನಾಲ್ಕು ಮ್ಯಾಚ್ ಇರುವಾಗ ಮೊದಲನೆಯದರ ಬೆಟ್ ಸೋತರೆ ಮುಂದಿನದಕ್ಕೆ ದುಪ್ಪಟ್ಟು ಬೆಟ್ ಹಾಕಿಬಿಡುತ್ತೇನೆ, ತಡೆಯುವುದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ನಿಜವಾದ ತೊಂದರೆ ಇದೇ, ಮ್ಯಾಚ್ ಆಯ್ಕೆ ಅಲ್ಲ. ನೀವು ಹಿಂದೆ ಸೋತದ್ದು ಮುಂದಿನ ಮ್ಯಾಚ್‌ಗೆ ಗೊತ್ತಿರುವುದಿಲ್ಲ, ಅಲ್ವಾ?

ಪೂರ್ತಿ ಹೋದರೂ ಮನೆ ಖರ್ಚಿಗೆ ತೊಂದರೆಯಾಗದಷ್ಟು ಹಣವನ್ನು ಸೀಸನ್‌ಗೆ ಮುಂಚೆಯೇ ಬೇರೆ ಎತ್ತಿಡಿ. ಪ್ರತಿ ಬೆಟ್‌ಗೆ ಅದರಲ್ಲಿ ಶೇ. 1, ಹೆಚ್ಚೆಂದರೆ ಶೇ. 2. ಗೆದ್ದ ದಿನವೂ ಅಷ್ಟೇ, ಸೋತ ದಿನವೂ ಅಷ್ಟೇ.

ಈ ಲೆಕ್ಕ ಒಮ್ಮೆ ನೋಡಿ. ಎರಡೂ ಕಡೆಗೆ ಆಡ್ಸ್ 1.91 ಇದೆ ಅನ್ನಿ, ಅಂದರೆ ಗೆದ್ದರೆ ಹಾಕಿದ ಒಂದು ರೂಪಾಯಿಗೆ ಅಸಲೂ ಸೇರಿ 1.91 ರೂಪಾಯಿ ವಾಪಸ್. 1 ಅನ್ನು 1.91ರಿಂದ ಭಾಗಿಸಿದರೆ ಶೇ. 52.4 ಬರುತ್ತದೆ, ಅಸಲು ಉಳಿಯಬೇಕಾದರೆ ಅಷ್ಟು ಸಲ ಗೆಲ್ಲಬೇಕು. ಅಂದರೆ 100ರಲ್ಲಿ 50 ಸಲ ಸರಿಯಾಗಿ ಹೇಳಿದರೂ ನಿಮ್ಮ ದುಡ್ಡು ಕರಗುತ್ತದೆ. ಬುಕ್‌ಮೇಕರ್‌ಗೆ, ಅಂದರೆ ಬೆಟ್ ತೆಗೆದುಕೊಳ್ಳುವವರಿಗೆ, ಆ ಅಂತರದಿಂದಲೇ ಪಾಲು ಸಿಗುತ್ತದೆ. ಇಂಥ ನಾಲ್ಕು ಮ್ಯಾಚ್ ಸೇರಿಸಿ ಒಂದೇ ಬೆಟ್ ಹಾಕಿದರೆ ಅವರ ಪಾಲು ಸರಾಸರಿ ಶೇ. 17ರ ಹತ್ತಿರ ಹೋಗುತ್ತದೆ! ಕಾಂಬೊ ಬೆಟ್ ಪೂರ್ತಿ ಬಿಡಿ. ದಿನಾ ಮ್ಯಾಚ್ ಇದೆ ಅಂತ ಸುಮ್ನೆ ಹಾಕಬೇಡಿ, ಬಿಟ್ಟ ಮ್ಯಾಚ್‌ಗಳೇ ಜಾಸ್ತಿ ಇರಲಿ.

ಆಡ್ಸ್, ಮೊತ್ತ, ಹಾಕಲು ಕಾರಣ ಮೂರನ್ನೂ ಟಾಸ್‌ಗೆ ಮುಂಚೆಯೇ ಬರೆದಿಡಿ. ಕಾರಣ ಬರೆಯಲು ತೋಚದಿದ್ದರೆ ಆ ಬೆಟ್ ಬೇಡ. ಆಟ ನಡೆಯುವಾಗ ಹಾಕುವುದಂತೂ ಬೇಡವೇ ಬೇಡ, ದುಪ್ಪಟ್ಟು ಮಾಡುವ ಆಸೆ ಹುಟ್ಟುವುದೇ ಅಲ್ಲಿ.

ನೀವಿರುವ ಕಡೆ ಕಾನೂನು ಇದಕ್ಕೆ ಒಪ್ಪುತ್ತದಾ ಅಂತಲೂ ನೋಡಿಕೊಳ್ಳಿ. ಸಾಲ ಮಾಡಿ ಆಡುತ್ತಿದ್ದರೆ, ಮನೆಯವರಿಂದ ಮುಚ್ಚಿಡುತ್ತಿದ್ದರೆ ಈ ಶಿಸ್ತು ಯಾವುದೂ ಸಾಲದು. ಖಾತೆ ಮುಚ್ಚಿಸಿ, ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ.