ಅಮೆರಿಕದ ಡೆಂಟಲ್ ಸ್ಕೂಲ್‌ಗೆ ಕಮ್ಯುನಿಟಿ ಕಾಲೇಜಿನ ಕ್ರೆಡಿಟ್ ನಡೆಯುತ್ತದೆಯೇ?

ನಡೆಯುತ್ತದೆ, ಆದರೆ ಪ್ರತಿ ಶಾಲೆಯ ನಿಯಮವೂ ಬೇರೆ. ಕಮ್ಯುನಿಟಿ ಕಾಲೇಜು ಎಂದರೆ ಸಾಮಾನ್ಯವಾಗಿ ಎರಡು ವರ್ಷದ ಕಾಲೇಜು; ಕ್ರೆಡಿಟ್ ಎಂದರೆ ಓದಿ ಮುಗಿಸಿದ ವಿಷಯದ ಪ್ರಮಾಣವನ್ನು ಎಣಿಸುವ ಅಳತೆ. ಹಲವು ಶಾಲೆಗಳು ಸುಮಾರು 60 ಸೆಮಿಸ್ಟರ್ ಕ್ರೆಡಿಟ್‌ಗಳವರೆಗೆ ಒಪ್ಪುತ್ತವೆ. ಕೆಲವು ಮಿತಿಯನ್ನೇ ಹಾಕುವುದಿಲ್ಲ. ಇನ್ನು ಕೆಲವು, ಜೀವಶಾಸ್ತ್ರ, ರಸಾಯನಶಾಸ್ತ್ರದಂಥ ಕಡ್ಡಾಯ ವಿಷಯಗಳನ್ನು ನಾಲ್ಕು ವರ್ಷದ ವಿಶ್ವವಿದ್ಯಾಲಯದಲ್ಲೇ ಓದಿರಲಿ ಎಂದು ಬಯಸುತ್ತವೆ.

ಹೆಚ್ಚಿನ ಶಾಲೆಗಳ ಅರ್ಜಿ ಎಎಡಿಎಸ್‌ಎಎಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಹೋಗುತ್ತದೆ. ನೀವು ಓದಿದ ಪ್ರತಿಯೊಂದು ಕಾಲೇಜಿನ ಅಧಿಕೃತ ಅಂಕಪಟ್ಟಿಯನ್ನೂ ಅದು ಕೇಳುತ್ತದೆ. ಕ್ರೆಡಿಟ್‌ಗಳು ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಅಲ್ಲಿನ ಪಟ್ಟಿಯಲ್ಲಿ ಕಾಣಿಸಿದರೂ ಕಮ್ಯುನಿಟಿ ಕಾಲೇಜಿನ ಪಟ್ಟಿ ಪ್ರತ್ಯೇಕವಾಗಿ ಹೋಗಲೇಬೇಕು. ಅಲ್ಲಿ ಬಂದ ಗ್ರೇಡ್‌ಗಳೂ ಜಿಪಿಎಗೆ, ಅಂದರೆ ಒಟ್ಟಾರೆ ಗ್ರೇಡ್ ಸರಾಸರಿಗೆ, ಸೇರುತ್ತವೆ. ಸಿ ಗ್ರೇಡ್ ಬಂದ ವಿಷಯವನ್ನು ಮತ್ತೆ ಓದಿ ಎ ಪಡೆದರೂ ಎರಡೂ ಲೆಕ್ಕಕ್ಕೆ ಬರುತ್ತವೆ, ಹಳೆಯದು ಅಳಿಸಿಹೋಗುವುದಿಲ್ಲ.

ಶುಲ್ಕ ಉಳಿಸಲು ಕಮ್ಯುನಿಟಿ ಕಾಲೇಜು ಸೇರುವುದು ಒಳ್ಳೆಯ ನಿರ್ಧಾರವೇ, ಅದಕ್ಕೆ ಸಂಕೋಚಪಡಬೇಕಿಲ್ಲ. ನನ್ನ ಸಲಹೆಯಿಷ್ಟೆ: ಇಂಗ್ಲಿಷ್, ಮನಃಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರವನ್ನು ಅಲ್ಲಿ ಮುಗಿಸಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಶರೀರಕ್ರಿಯಾಶಾಸ್ತ್ರವನ್ನು ವಿಶ್ವವಿದ್ಯಾಲಯಕ್ಕೆ ಉಳಿಸಿಕೊಳ್ಳಿ. ಕಠಿಣ ವಿಜ್ಞಾನ ವಿಷಯಗಳಲ್ಲಿ ವಿಶ್ವವಿದ್ಯಾಲಯದಲ್ಲಿಯೂ ಉತ್ತಮ ಗ್ರೇಡ್ ಬಂದರೆ, ಡೆಂಟಲ್ ಪ್ರವೇಶ ಪರೀಕ್ಷೆಯಾದ ಡಿಎಟಿಯ ಅಂಕವೂ ಚೆನ್ನಾಗಿದ್ದರೆ, ಆರಂಭ ಎಲ್ಲಿ ಎಂಬ ಪ್ರಶ್ನೆಯ ತೂಕ ಬಹಳ ಕಡಿಮೆಯಾಗುತ್ತದೆ. ಮುಂದಿನ ಸೆಮಿಸ್ಟರ್‌ಗೆ ಹೆಸರು ನೋಂದಾಯಿಸುವ ಮೊದಲೇ ನೀವು ಬಯಸುವ ಶಾಲೆಗಳ ಪ್ರವೇಶ ಕಚೇರಿಗೆ ಇಮೇಲ್ ಬರೆದು, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ.