ಮ್ಯಾನ್ಯುವಲ್‌ನಲ್ಲಿ ಶಿಫಾರಸು ಮಾಡಿದ ಬ್ರ್ಯಾಂಡಿನ ಎಂಜಿನ್ ಆಯಿಲ್ಲೇ ಹಾಕಬೇಕಾ?

ಮ್ಯಾನ್ಯುವಲ್ ಒಂದು ಬ್ರ್ಯಾಂಡ್ ಹೇಳುತ್ತದೆ, ಮೆಕ್ಯಾನಿಕ್ ಇನ್ನೊಂದು ಹೇಳುತ್ತಾರೆ, ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ. ನಾನು ಮ್ಯಾನ್ಯುವಲ್ ಹೇಳಿದ ಬ್ರ್ಯಾಂಡಿಗೇ ಅಂಟಿಕೊಂಡವನು. ಅದನ್ನೇ ಹುಡುಕಿಕೊಂಡು ಹೋಗಿ ತರುತ್ತಿದ್ದೆ. ಬೇರೆ ಕಂಪನಿಯ ಆಯಿಲ್ ಒಂದು ಹನಿಯನ್ನೂ ಎಂಜಿನ್ನಿಗೆ ಸೋಕಿಸಲಿಲ್ಲ. ಕೊನೆಗೆ ನನ್ನ ಕಾರಿನ ಡಿಪಿಎಫ್ ಕಟ್ಟಿಕೊಂಡಿದ್ದು ಅದೇ ಬ್ರ್ಯಾಂಡಿನ ಆಯಿಲ್‌ನಿಂದ.

ನನ್ನದು ಡೀಸೆಲ್ ಕಾರು. ಹೊಗೆಯಲ್ಲಿರುವ ಮಸಿ ಹಿಡಿಯಲು ಸೈಲೆನ್ಸರ್‌ಗೆ ಹೋಗುವ ದಾರಿಯಲ್ಲಿ ಒಂದು ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಬಾನೆಟ್ ಎತ್ತಿದರೆ ಆಯಿಲ್ ತುಂಬಿಸುವ ಮುಚ್ಚಳದ ಮೇಲೇ ಆ ಬ್ರ್ಯಾಂಡಿನ ಹೆಸರು ಅಚ್ಚಾಗಿತ್ತು. ಮ್ಯಾನ್ಯುವಲ್‌ನಲ್ಲೂ ಅದೇ ಹೆಸರು, ದೊಡ್ಡ ಲೋಗೋ ಸಮೇತ. ಆಯಿಲ್ ಚೇಂಜ್ ನಾನೇ ಮಾಡಿಕೊಳ್ಳುವವನು. ಅಂಗಡಿಗೆ ಹೋದಾಗ ಅದೇ ಬ್ರ್ಯಾಂಡಿನ 5ಡಬ್ಲ್ಯೂ-30 ಎರಡು ಥರ ಇತ್ತು. ಎರಡೂ ಸಿಂಥೆಟಿಕ್, ಎರಡೂ ಒಂದೇ ಅಳತೆಯ ಕ್ಯಾನ್. ಲೇಬಲ್ ಮೇಲಿನ ಒಂದು ಪಟ್ಟಿಯ ಬಣ್ಣ ಮಾತ್ರ ಬೇರೆ. ಬ್ರ್ಯಾಂಡ್ ಸರಿ ಇದೆ, 5ಡಬ್ಲ್ಯೂ-30 ಸರಿ ಇದೆ, ಇನ್ನೇನು ನೋಡೋದಿದೆ ಅಂದುಕೊಂಡು ಕೈಗೆ ಸಿಕ್ಕಿದ್ದನ್ನು ತಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಡವಟ್ಟು ಆಗಿದ್ದೆಲ್ಲ ಇಲ್ಲೇ. ಕ್ಯಾನಿನ ಮುಂದೆ ದಪ್ಪ ಅಕ್ಷರದಲ್ಲಿರುವ 5ಡಬ್ಲ್ಯೂ-30 ಅನ್ನುವುದು ಆಯಿಲ್ ಎಷ್ಟು ಗಟ್ಟಿ, ಎಷ್ಟು ತೆಳು ಅನ್ನುವುದನ್ನಷ್ಟೇ ಹೇಳುತ್ತದೆ. ಮೊದಲ ಅಂಕಿ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಿನದು, ಎರಡನೆಯದು ಎಂಜಿನ್ ಬಿಸಿಯಾದ ಮೇಲಿನದು. ಒಳಗೆ ಏನೇನು ಬೆರೆಸಿದ್ದಾರೆ ಅಂತ ಅದರಿಂದ ತಿಳಿಯುವುದೇ ಇಲ್ಲ. ಕೊಳೆ ಬಿಡಿಸಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಅಡಿಟಿವ್ ಹಾಕುತ್ತಾರೆ. ಸವೆತ ತಡೆಯಲು ಸತು, ರಂಜಕ ಇರುವುದನ್ನು ಹಾಕುತ್ತಾರೆ. ಆಯಿಲ್ ಚೂರು ಚೂರೇ ಸಿಲಿಂಡರಿನೊಳಗೆ ಉರಿದು ಹೋಗುವುದು ಎಲ್ಲ ಎಂಜಿನ್‌ಗಳಲ್ಲೂ ಇದ್ದದ್ದೇ. ಎಣ್ಣೆ ಉರಿದು ಹೋಗುತ್ತದೆ. ಅದರಲ್ಲಿದ್ದ ಲೋಹದ ಅಂಶ ಮಾತ್ರ ಬೂದಿಯಾಗಿ ಹೊಗೆಯ ಜೊತೆ ಹೋಗಿ ಡಿಪಿಎಫ್‌ನಲ್ಲಿ ಕೂರುತ್ತದೆ.

ಮಸಿ ಬೇರೆ, ಬೂದಿ ಬೇರೆ. ಮಸಿ ತುಂಬಿದರೆ ಕಾರೇ ಅದನ್ನು ಸುಟ್ಟುಕೊಳ್ಳುತ್ತದೆ. ಡೀಸೆಲ್ ಸ್ವಲ್ಪ ಜಾಸ್ತಿ ಚಿಮ್ಮಿಸಿ ಫಿಲ್ಟರನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುತ್ತದೆ, ಮಸಿ ಉರಿದು ಖಾಲಿಯಾಗುತ್ತದೆ. ಇದಕ್ಕೆ ರೀಜನರೇಷನ್ ಅಂತಾರೆ. ಆದರೆ ಬೂದಿಯನ್ನು ಇನ್ನೊಮ್ಮೆ ಸುಡಲು ಆಗುತ್ತದಾ? ಒಲೆಯಲ್ಲಾದರೆ ಬಾಚಿ ತೆಗೆಯಬಹುದು. ಡಿಪಿಎಫ್ ಒಳಗಿನ ಬೂದಿ ಓಡುವ ಕಾರಿನಿಂದ ಹೊರಗೆ ಬರುವ ದಾರಿಯೇ ಇಲ್ಲ.

ಅದಕ್ಕೇ ಡಿಪಿಎಫ್ ಇರುವ ಕಾರುಗಳಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇರೆಯೇ ಮಾಡುತ್ತಾರೆ. ಯುರೋಪಿನ ಕಾರು ತಯಾರಕರ ಸಂಘ ಎಸಿಇಎ ಇದನ್ನು ದರ್ಜೆಗಳಾಗಿ ವಿಂಗಡಿಸಿದೆ. ಸಿ3 ದರ್ಜೆಯ ಆಯಿಲ್‌ನಲ್ಲಿ ಬೂದಿಯ ಅಂಶ 0.8% ದಾಟುವಂತಿಲ್ಲ. ಎ3/ಬಿ4 ದರ್ಜೆಯಲ್ಲಿ 1.6% ತನಕ ಇರಬಹುದು. ನನ್ನ ಕಾರಿಗೆ ಬೇಕಿದ್ದದ್ದು ಸಿ3, ನಾನು ಹಾಕುತ್ತಿದ್ದದ್ದು ಎ3/ಬಿ4. ಈ ವ್ಯತ್ಯಾಸ ಬರೆದಿದ್ದು ಕ್ಯಾನಿನ ಹಿಂಭಾಗದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ.

ಮಜಾ ಏನು ಅಂದರೆ, ಅದು ಕೆಟ್ಟ ಆಯಿಲ್ ಅಲ್ಲ. ಡಿಪಿಎಫ್ ಇಲ್ಲದ ಎಂಜಿನ್ನಿಗೆ ಹಾಕಿದರೆ ಒಳ್ಳೆಯ ಆಯಿಲ್ಲೇ. ಹಾಗಾಗಿ ನನಗೆ ಸುಳಿವೇ ಸಿಗಲಿಲ್ಲ. ಎಂಜಿನ್ ನಯವಾಗಿ ಓಡುತ್ತಿತ್ತು, ಪಿಕಪ್ ಚೆನ್ನಾಗಿತ್ತು. ನೋಡಿ, ಕಂಪನಿ ಹೇಳಿದ ಬ್ರ್ಯಾಂಡ್ ಹಾಕಿದರೆ ಹೀಗಿರುತ್ತೆ ಅಂತ ಗೆಳೆಯರಿಗೆ ಉಪದೇಶ ಬೇರೆ ಮಾಡುತ್ತಿದ್ದೆ. ಮುಂದಿನ ಸಲವೂ ಅದೇ ಕ್ಯಾನ್ ತಂದೆ, ಅದರ ಮುಂದಿನ ಸಲವೂ.

ಮೊದಲು ಮೈಲೇಜ್ ಇಳಿಯಿತು. ಆಮೇಲೆ ಕಾರು ಆಫ್ ಮಾಡಿದ ಮೇಲೂ ಫ್ಯಾನ್ ಜೋರಾಗಿ ತಿರುಗುವುದು, ಹತ್ತಿರ ಹೋದರೆ ಕಾದ ಲೋಹದ ವಾಸನೆ. ರೀಜನರೇಷನ್ ಅರ್ಧದಲ್ಲಿ ನಿಂತಾಗ ಹೀಗಾಗುತ್ತದೆ. ಅಪರೂಪಕ್ಕೆ ಆದರೆ ಸರಿ, ಇಲ್ಲಿ ಮತ್ತೆ ಮತ್ತೆ ಆಗುತ್ತಿತ್ತು. ಫಿಲ್ಟರಿನಲ್ಲಿ ಬೂದಿ ಜಾಗ ಹಿಡಿದಷ್ಟೂ ಮಸಿಗೆ ಜಾಗ ಕಮ್ಮಿ. ಬೇಗ ತುಂಬುತ್ತದೆ, ಬೇಗ ಬೇಗ ಸುಡಬೇಕಾಗುತ್ತದೆ.

ಒಂದು ದಿನ ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಮ್ಯಾಕ್ಸ್ ಗೆರೆಗಿಂತ ಮೇಲಿತ್ತು. ಬಟ್ಟೆಯಲ್ಲಿ ಒರೆಸಿ ಇನ್ನೊಮ್ಮೆ ಅದ್ದಿ ತೆಗೆದೆ, ಮತ್ತೆ ಅಷ್ಟೇ. ನಾನು ಮೇಲಿಂದ ಒಂದು ಹನಿ ಹಾಕಿರಲಿಲ್ಲ. ಬೆರಳಿಗೆ ಹಚ್ಚಿ ಉಜ್ಜಿದರೆ ನೀರು ನೀರಾಗಿತ್ತು, ಮೂಸಿದರೆ ಘಂ ಅಂತ ಡೀಸೆಲ್. ರೀಜನರೇಷನ್‌ಗೆಂದು ಚಿಮ್ಮಿಸಿದ ಡೀಸೆಲ್ಲಿನಲ್ಲಿ ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಗುಂಟ ಇಳಿದು ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಅಂದರೆ ಆಯಿಲ್ ಸಂಪ್ ಸೇರಿತ್ತು. ಹೀಗೆ ತೆಳ್ಳಗಾದ ಆಯಿಲ್ ಬೇರಿಂಗ್‌ಗಳನ್ನು ಕಾಯುವುದಿಲ್ಲ. ಅಂದರೆ ಫಿಲ್ಟರಿನ ಕಾಯಿಲೆ ಎಂಜಿನ್ನಿಗೂ ಹತ್ತುವುದರಲ್ಲಿತ್ತು. ನಿಮ್ಮದು ಡೀಸೆಲ್ ಆಗಿದ್ದರೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿದಿದೆಯಾ ಅಂತ ಮಾತ್ರ ನೋಡಬೇಡಿ, ಏರಿದೆಯಾ ಅಂತಲೂ ನೋಡಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿತು, ಕಾರು ಎಂಜಿನ್ ಉಳಿಸಿಕೊಳ್ಳಲು ತಾನೇ ಶಕ್ತಿ ಕಡಿಮೆ ಮಾಡಿಕೊಳ್ಳುವ ಲಿಂಪ್ ಮೋಡ್‌ಗೆ ಹೋಯಿತು, ಎಳೆಯುವುದನ್ನೇ ಬಿಟ್ಟಿತು. ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕಿ ಬಲವಂತದ ರೀಜನರೇಷನ್ ಮಾಡಿಸಿದರು. ಮುಗಿದ ಮೇಲೂ ಫಿಲ್ಟರಿನ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ ಇಳಿಯಬೇಕಾದಷ್ಟು ಇಳಿಯಲಿಲ್ಲ. ಟೆಕ್ನಿಷಿಯನ್ ಸ್ಕ್ರೀನ್ ನನ್ನ ಕಡೆ ತಿರುಗಿಸಿ, "ಮಸಿ ಎಲ್ಲ ಸುಟ್ಟಿದೆ ಸಾರ್, ಈಗ ಉಳಿದಿರೋದು ಬೂದಿ. ಯಾವ ಆಯಿಲ್ ಹಾಕ್ತಿದ್ರಿ?" ಅಂದರು.

"ನಿಮ್ಮ ಕಂಪನಿ ಹೇಳಿದ್ದೇ" ಅಂತ ಎದೆಯುಬ್ಬಿಸಿ ಬಿಲ್ಲುಗಳ ಫೈಲ್ ಮುಂದಿಟ್ಟೆ. ಅವರು ಮ್ಯಾನ್ಯುವಲ್ ತೆಗೆದು ಲೋಗೋ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಎಸಿಇಎ ಸಿ3, ಪಕ್ಕದಲ್ಲಿ ಕಂಪನಿಯ ಅಪ್ರೂವಲ್ ನಂಬರ್. ನನ್ನ ಬಿಲ್‌ನಲ್ಲಿದ್ದ ಆಯಿಲ್‌ಗೆ ಆ ಎರಡೂ ಇರಲಿಲ್ಲ. ವಾರಂಟಿ ಸಿಗಲಿಲ್ಲ. ಬ್ರ್ಯಾಂಡ್ ನಿಮ್ಮದೇ ಅಲ್ವಾ ಅಂತ ಒಂದಷ್ಟು ಜಗಳ ಆಡಿದೆ, ಆದರೆ ಬರೆದಿದ್ದು ಅವರ ಕಡೆಗೇ ಇತ್ತು. ಹೊಸ ಡಿಪಿಎಫ್‌ನ ಬಿಲ್ ನೋಡಿದ ಮೇಲೆ ಆ ಅಪ್ರೂವಲ್ ನಂಬರ್ ನನಗೆ ಬಾಯಿಪಾಠವಾಯಿತು. ನ್ಯಾಯವಾಗಿ ಹೇಳಬೇಕಂದರೆ ತಪ್ಪು ಪೂರ್ತಿ ಆಯಿಲ್ಲಿನದಲ್ಲ, ಫಿಲ್ಟರ್ ಸರಿಯಾಗಿ ಕಾಯಲು ಬಿಡದ ನನ್ನ ಚಿಕ್ಕ ಚಿಕ್ಕ ಓಡಾಟವೂ ಸೇರಿತ್ತು. ಆದರೆ ಓಡಾಟದಿಂದ ಬರುವುದು ಮಸಿ, ಅದನ್ನು ಸುಡಬಹುದಿತ್ತು.

ಈಗ ನಿಮ್ಮ ಪ್ರಶ್ನೆಗೆ. ಯಾವ ಬ್ರ್ಯಾಂಡ್ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ ನಾನು. ಮ್ಯಾನ್ಯುವಲ್‌ನಲ್ಲಿರುವ ಬ್ರ್ಯಾಂಡಿನ ಹೆಸರು ಎರಡು ಕಂಪನಿಗಳ ನಡುವಿನ ವ್ಯಾಪಾರದ ಒಪ್ಪಂದ. ಅದರ ಕೆಳಗಿರುವ ನಂಬರ್ ಎಂಜಿನಿಯರ್‌ಗಳದು. ಬಿಎಂಡಬ್ಲ್ಯೂ 2015ರಿಂದ ತಾನು ಶಿಫಾರಸು ಮಾಡುವ ಆಯಿಲ್ ಬ್ರ್ಯಾಂಡನ್ನು ಕ್ಯಾಸ್ಟ್ರಾಲ್‌ನಿಂದ ಶೆಲ್‌ಗೆ ಬದಲಾಯಿಸಿತು. ಅಲ್ಲಿಯ ತನಕ ಕ್ಯಾಸ್ಟ್ರಾಲ್ ಕುಡಿದು ಓಡಾಡಿದ ಎಂಜಿನ್‌ಗಳು ಅವತ್ತಿಗೆ ಬೇರೆಯಾಗಿಬಿಟ್ಟವಾ? ಬಿಎಂಡಬ್ಲ್ಯೂನದೇ ಅಪ್ರೂವಲ್ ಆದ ಲಾಂಗ್‌ಲೈಫ್-04 ಕೇಳುತ್ತಿದ್ದ ಎಂಜಿನ್ ಆಮೇಲೂ ಲಾಂಗ್‌ಲೈಫ್-04 ಅನ್ನೇ ಕೇಳಿತು. ಸಿಟ್ರೊಯೆನ್ ಮತ್ತು ಟೋಟಲ್ ನಂಟು 1968ರಿಂದ ಇದೆ. ಪೋರ್ಶೆ 1996ರಿಂದ ಫ್ಯಾಕ್ಟರಿಯಲ್ಲೇ ಮೊಬಿಲ್ 1 ತುಂಬಿಸುತ್ತದೆ. ಇವೆಲ್ಲ ಹಳೇ ಸ್ನೇಹ, ಜೊತೆಯಲ್ಲಿ ಕೂತು ಆಯಿಲ್ ತಯಾರಿಸುವುದೂ ಉಂಟು, ಇಲ್ಲ ಅನ್ನಲ್ಲ. ಶಿಫಾರಸು ಮಾಡಿದ ಬ್ರ್ಯಾಂಡಿನಲ್ಲಿ ನಿಮ್ಮ ಕಾರಿಗೆ ಸರಿಯಾದ ಆಯಿಲ್ ಖಂಡಿತ ಇರುತ್ತದೆ. ಅದರ ಪಕ್ಕದಲ್ಲೇ ಸರಿಯಲ್ಲದ ನಾಲ್ಕಾರು ಆಯಿಲ್‌ಗಳೂ ಇರುತ್ತವೆ, ನಾನು ಬಿದ್ದದ್ದು ಅಲ್ಲೇ.

ಹಾಗಾಗಿ ನಂಬರ್ ಹುಡುಕಿ. ಫೋಕ್ಸ್‌ವ್ಯಾಗನ್ ಆದರೆ 504 00, 507 00 ಥರ ಇರುತ್ತದೆ. ಮರ್ಸಿಡಿಸ್ ಆದರೆ 229.51, 229.52. ಜನರಲ್ ಮೋಟರ್ಸ್ ಡೆಕ್ಸೋಸ್ ಅನ್ನುತ್ತದೆ. ಕ್ಯಾನ್ ತಿರುಗಿಸಿ ಹಿಂಭಾಗದಲ್ಲಿ ಅದೇ ನಂಬರ್ ಇದೆಯಾ ನೋಡಿ. ಅಲ್ಲೂ ಒಂದು ಚಾಲಾಕಿತನ ಇದೆ. ನಂಬರಿನ ಜೊತೆ 'ಅಪ್ರೂವಲ್' ಅಂತ ಇದ್ದರೆ ಕಾರು ಕಂಪನಿ ಆ ಆಯಿಲ್‌ಗೆ ಒಪ್ಪಿಗೆ ಕೊಟ್ಟಿದೆ ಅಂತ. 'ಈ ನಂಬರ್ ಕೇಳುವ ಕಾರುಗಳಿಗೆ ಸೂಕ್ತ' ಅಂತಿದ್ದರೆ ಆಯಿಲ್ ಮಾರುವವನೇ ತನಗೆ ತಾನು ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದಾನೆ ಅಂತ. ಎರಡನೆಯದು ಸುಳ್ಳೇ ಇರಬೇಕು ಅಂತಿಲ್ಲ, ಆದರೆ ವಾರಂಟಿ ಇರುವ ಕಾರಿಗೆ ನಾನು ಅದನ್ನು ಮುಟ್ಟಲ್ಲ. ಮರ್ಸಿಡಿಸ್ ತಾನು ಒಪ್ಪಿದ ಆಯಿಲ್‌ಗಳ ಪಟ್ಟಿಯನ್ನು ನಂಬರ್ ಪ್ರಕಾರ ಆನ್‌ಲೈನ್‌ನಲ್ಲೇ ಹಾಕಿದೆ. ಅದರಲ್ಲಿ ನೀವು ಹೆಸರೇ ಕೇಳಿರದ ಬ್ರ್ಯಾಂಡುಗಳೂ ಇವೆ.

ಪೆಟ್ರೋಲ್ ಕಾರಾದರೆ ತಲೆನೋವು ಕಮ್ಮಿ. ಜಪಾನ್, ಕೊರಿಯಾ ಕಂಪನಿಗಳ ಪೆಟ್ರೋಲ್ ಎಂಜಿನ್‌ಗಳು ಹೆಚ್ಚಾಗಿ ಆಯಿಲ್ ಗುಣಮಟ್ಟ ನಿಗದಿ ಮಾಡುವ ಸಂಸ್ಥೆಗಳಾದ ಎಪಿಐ ಅಥವಾ ಐಎಲ್‌ಎಸ್‌ಎಸಿ ದರ್ಜೆ ಮತ್ತು 0ಡಬ್ಲ್ಯೂ-20 ಥರದ ಗ್ರೇಡ್ ಇಷ್ಟನ್ನೇ ಕೇಳುತ್ತವೆ, ಎಷ್ಟೋ ಬ್ರ್ಯಾಂಡುಗಳು ಹೊಂದುತ್ತವೆ. ಟರ್ಬೊ, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವುದು) ಇದ್ದರೆ ಮಾತ್ರ ಹುಷಾರು. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಎಳೆಸಿದಾಗ ಸ್ಪಾರ್ಕ್ ಬರುವ ಮೊದಲೇ ಇಂಧನ ಹೊತ್ತಿಕೊಳ್ಳುವ ತೊಂದರೆ ಈ ಎಂಜಿನ್‌ಗಳಲ್ಲಿ ಇದೆ. ಪಿಸ್ಟನ್ನೇ ಒಡೆಯಬಹುದು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಹೆಚ್ಚುತ್ತದೆ. 2010ರ ಎಪಿಐ ಎಸ್‌ಎನ್ ದರ್ಜೆಯಲ್ಲಿ ಇದಕ್ಕೆ ಪರೀಕ್ಷೆ ಇರಲಿಲ್ಲ, 2020ರಲ್ಲಿ ಬಂದ ಎಸ್‌ಪಿಯಲ್ಲಿ ಇದೆ. ದೊಡ್ಡ ಬ್ರ್ಯಾಂಡಿನ ಹಳೇ ಎಸ್‌ಎನ್‌ಗಿಂತ ಸಣ್ಣ ಬ್ರ್ಯಾಂಡಿನ ಅಸಲಿ ಎಸ್‌ಪಿ ನನ್ನ ಲೆಕ್ಕದಲ್ಲಿ ಮೇಲು.

ನಿಮ್ಮ ಮೆಕ್ಯಾನಿಕ್ ಹೇಳಿದ ಬ್ರ್ಯಾಂಡ್ ಹಾಕಿಸಬಹುದು, ಬೇಡ ಅನ್ನಲ್ಲ. ಕ್ಯಾನ್ ತೋರಿಸಿ ಅನ್ನಿ, ಹಿಂಭಾಗದಲ್ಲಿ ನಿಮ್ಮ ನಂಬರ್ ಇದ್ದರೆ ಮಾತು ಮುಗಿಯಿತು. "ಅದೆಲ್ಲ ಸುಮ್ನೆ ಸಾರ್, ಸ್ವಲ್ಪ ಗಟ್ಟಿ ಆಯಿಲ್ ಹಾಕಿದ್ರೆ ಎಂಜಿನ್‌ಗೆ ಒಳ್ಳೇದು" ಅಂದರೆ ಮಾತ್ರ ಎದ್ದು ಬನ್ನಿ. 0ಡಬ್ಲ್ಯೂ-20ಗೆಂದು ಮಾಡಿದ ಎಂಜಿನ್ನಿನಲ್ಲಿ ಆಯಿಲ್ ಪಂಪ್, ಬೇರಿಂಗ್ ಸಂದು, ವಾಲ್ವ್ ಟೈಮಿಂಗ್ ಎಲ್ಲವೂ ಆ ತೆಳುವಿಗೆ ಲೆಕ್ಕ ಹಾಕಿದ್ದು. ಮ್ಯಾನ್ಯುವಲ್‌ನಲ್ಲೇ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅದರೊಳಗೆ ಯಾವುದನ್ನಾದರೂ ಆರಿಸಿಕೊಳ್ಳಿ, ಹೊರಗೆ ಬೇಡ.

ವಾರಂಟಿ ಭಯ ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತಿದೆ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ, ಪುಕ್ಕಟೆ ಕೊಡದ ಹೊರತು ಇದೇ ಬ್ರ್ಯಾಂಡ್ ಹಾಕಿದರೆ ಮಾತ್ರ ವಾರಂಟಿ ಅಂತ ಕಂಪನಿ ಕಟ್ಟುಪಾಡು ಹಾಕುವಂತಿಲ್ಲ. ಒಂದೊಂದು ದೇಶದ ಕಾನೂನು ಒಂದೊಂದು ಥರ, ನಿಮ್ಮ ವಾರಂಟಿ ಪುಸ್ತಕ ಓದಿ. ಏನೇ ಇದ್ದರೂ ಬಿಲ್‌ನಲ್ಲಿ 'ಎಂಜಿನ್ ಆಯಿಲ್, ಇಂಥ ಬ್ರ್ಯಾಂಡ್' ಅಂತಷ್ಟೇ ಬರೆಸಿಕೊಂಡರೆ ಸಾಲದು. ಗ್ರೇಡ್, ಅಪ್ರೂವಲ್ ನಂಬರ್ ಎರಡೂ ಬರಲಿ. ನೀವೇ ಹಾಕಿಕೊಳ್ಳುವುದಾದರೆ ಕ್ಯಾನಿನ ಹಿಂಭಾಗದ ಫೋಟೋ ತೆಗೆದು ಬಿಲ್ ಜೊತೆ ಇಟ್ಟುಕೊಳ್ಳಿ.

ಟಾಪ್ ಅಪ್ ಮಾಡುವಾಗಲೂ ಅದೇ ನಂಬರ್ ನೋಡಿ, ಡಿಕ್ಕಿಯಲ್ಲಿ ಒಂದು ಲೀಟರ್ ಇಟ್ಟುಕೊಂಡರೆ ಒಳ್ಳೆಯದು. ದಾರಿಯಲ್ಲಿ ಲೆವೆಲ್ ಕಮ್ಮಿ ಅಂತ ತೋರಿಸಿ ಸರಿಯಾದದ್ದು ಎಲ್ಲೂ ಸಿಗಲಿಲ್ಲ ಅಂದರೆ, ಹತ್ತಿರದ ಗ್ರೇಡಿನ ಯಾವುದಾದರೂ ಎಂಜಿನ್ ಆಯಿಲ್ ಅರ್ಧ ಲೀಟರ್ ಹಾಕಿಕೊಂಡು ಮನೆ ಸೇರಿ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಎಷ್ಟೋ ವಾಸಿ. ಮುಂದಿನ ಆಯಿಲ್ ಚೇಂಜ್ ಸ್ವಲ್ಪ ಬೇಗ ಮಾಡಿಸಿದರಾಯಿತು.