ಸಂಪಾದಕರ ಉತ್ತರ: ಬಾಲಿಯ ಕಲ್ಲಿಗೆ ವಯಸ್ಸೆಷ್ಟು?

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಮಗಳು, ಅಳಿಯನ ಜೊತೆ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೋಗಿ ಬಂದರಂತೆ. ಅಲ್ಲಿನ ಉಬುದ್ ಪಟ್ಟಣದ ಹತ್ತಿರದ ಒಂದು ದೇವಸ್ಥಾನದ ಬಾಗಿಲ ಮುಂದೆ ಅರ್ಧ ಗಂಟೆ ನಿಂತುಬಿಟ್ಟರಂತೆ. ಪಾಚಿ ಹಿಡಿದ ಕಲ್ಲು, ಮೈತುಂಬ ಕೆತ್ತನೆ. ಐನೂರು ವರ್ಷಕ್ಕೆ ಕಡಿಮೆ ಇಲ್ಲ ಅಂದುಕೊಂಡು ಗೈಡನ್ನು ಕೇಳಿದರೆ, ಅವನು "ಹನ್ನೆರಡು ವರ್ಷ ಆಯ್ತು" ಅಂದನಂತೆ. ಬರುವ ದಾರಿಯಲ್ಲಿ ರಸ್ತೆ ಬದಿಯ ಅಂಗಡಿಯಲ್ಲಿ ಪುಟ್ಟ ಗಣೇಶನನ್ನು ಕೊಂಡರು. ಮನೆಯಲ್ಲಿ ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ಅಚ್ಚಿನ ಗೆರೆ. ಸಿಮೆಂಟು.

"ನಾನು ಬೇಲೂರು ನೋಡಿಕೊಂಡು ಬೆಳೆದವನು," ಎಂದು ಅವರು ಬರೆಯುತ್ತಾರೆ. "ಹಳೆಯದನ್ನು ಹಾಗೇ ಉಳಿಸಿಕೊಳ್ಳೋದು ಬಾಲಿಯವರಿಗೆ ಯಾಕೆ ಬರಲಿಲ್ಲ? ಇದೆಲ್ಲ ಪ್ರವಾಸಿಗಳಿಗೆ ಕಟ್ಟಿದ ಸಿನಿಮಾ ಸೆಟ್ ಅಲ್ವಾ? ಇನ್ನೊಂದು ಸಲ ಹೋದರೆ ನಿಜವಾದದ್ದನ್ನು ಎಲ್ಲಿ ನೋಡಲಿ?"

ಮೇಷ್ಟ್ರೇ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಆ ಹನ್ನೆರಡು ವರ್ಷದ ಬಾಗಿಲು ಸುಳ್ಳು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಲು ಕಲ್ಲಿನಿಂದಲೇ ಶುರು ಮಾಡಬೇಕು.

ನೀವು ನೋಡಿದ ಬೂದು ಬಣ್ಣದ ಕಲ್ಲಿಗೆ ಅಲ್ಲಿ ಪರಾಸ್ ಅನ್ನುತ್ತಾರೆ. ಅದು ಜ್ವಾಲಾಮುಖಿಯ ಬೂದಿ. ಬಿದ್ದ ಬೂದಿ ಪದರ ಪದರವಾಗಿ ಕೂತು, ಒತ್ತಿಕೊಂಡು ಕಲ್ಲಾಗಿದೆ. ದಕ್ಷಿಣ ಬಾಲಿಯಲ್ಲಿ ಹೊಳೆಗಳು ಈ ಪದರವನ್ನು ಆಳಕ್ಕೆ ಕೊರೆದುಕೊಂಡು ಹರಿಯುತ್ತವೆ. ಆ ದಡಗಳಿಂದಲೇ ದಿಮ್ಮಿ ಕತ್ತರಿಸಿ, ಹೊತ್ತುಕೊಂಡು ಮೇಲೆ ತರುತ್ತಿದ್ದರು. ಹೊಸದಾಗಿ ತೆಗೆದ ಪರಾಸ್ ಎಷ್ಟು ಮೆತ್ತಗೆ ಅಂದರೆ, ಉಳಿ ಇಟ್ಟರೆ ಬೆಲ್ಲದ ಅಚ್ಚಿನ ಹಾಗೆ ಬಿಟ್ಟುಕೊಳ್ಳುತ್ತದೆ. ನಮ್ಮ ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲೂ ನೆಲದಿಂದ ಎದ್ದಾಗ ಮೆತ್ತಗೇ ಇರುತ್ತದೆ. ಆದರೆ ಅದು ಗಾಳಿ ತಾಗುತ್ತಾ ಗಟ್ಟಿಯಾಗುತ್ತದೆ. ಹಾಗಾಗಿಯೇ 1117ರಲ್ಲಿ ಶುರುವಾದ ಬೇಲೂರಿನ ಗುಡಿಯಲ್ಲಿ ಮದನಿಕೆಯ ಬಳೆಯನ್ನು ಇವತ್ತೂ ಎಣಿಸಬಹುದು. ಪರಾಸ್‌ಗೆ ಆ ಭಾಗ್ಯ ಇಲ್ಲ. ಅದು ನೀರು ಕುಡಿಯುವ ಕಲ್ಲು. ಬಾಲಿಯ ಮಳೆಗೆ ಕೆಲವೇ ವರ್ಷದಲ್ಲಿ ಪಾಚಿ ಹತ್ತುತ್ತದೆ. ಕೆಲವೇ ದಶಕದಲ್ಲಿ ಮೂಗು, ಬೆರಳು, ಎಲೆಯ ತುದಿ ಕರಗಿಹೋಗುತ್ತವೆ.

ನಿಮ್ಮ ಕಣ್ಣಿಗೆ ಐನೂರು ವರ್ಷ ಕಾಣಿಸಿದ್ದು ಆ ಪಾಚಿಯಿಂದ.

ಇಂಥ ಕಲ್ಲಿರುವ ಊರಿನವರು ಏನು ಮಾಡಬೇಕು? ಬಾಲಿಯವರು ಮತ್ತೆ ಕೆತ್ತುತ್ತಾರೆ. ಅಜ್ಜ ಕೆತ್ತಿದ ಬಾಗಿಲು ಸವೆದರೆ ಮೊಮ್ಮಗ ಕೆತ್ತುತ್ತಾನೆ. ಹಳೆಯ ಕಲ್ಲನ್ನು ಕಾಪಾಡುವುದಕ್ಕಿಂತ ಕೆತ್ತುವ ಕೈಯನ್ನು ಕಾಪಾಡುವುದು ಅವರಿಗೆ ಮುಖ್ಯವಾಯಿತು. ನಮಗೆ ಹೊಯ್ಸಳರ ಕಲ್ಲು ಉಳಿದಿದೆ. ಆದರೆ ಮೇಷ್ಟ್ರೇ, ಇವತ್ತು ಬೇಲೂರು ಪೇಟೆಯ ಬೀದಿಯಲ್ಲಿ ನಿಂತು ಕೂಗಿದರೆ ಆ ಮದನಿಕೆಯನ್ನು ಕೆತ್ತಬಲ್ಲವರು ಎಷ್ಟು ಜನ ಹೊರಗೆ ಬರುತ್ತಾರೆ? ಬಾತುಬುಲಾನ್‌ನಲ್ಲಿ ಕೂಗಿದರೆ ಬೀದಿಯೇ ಎದ್ದು ಬರುತ್ತದೆ.

ಬಾತುಬುಲಾನ್ ಅಂದರೆ ಬಾಲಿಯ ರಾಜಧಾನಿ ದೆನ್‌ಪಸಾರ್‌ನಿಂದ ಉಬುದ್ ಕಡೆಗೆ ಹೋಗುವ ರಸ್ತೆಯ ಮೇಲಿನ ಹಳ್ಳಿ. ನೀವು ಗಣೇಶನನ್ನು ಕೊಂಡದ್ದು ಅಲ್ಲೇ ಇರಬೇಕು. ಹತ್ತಿರದ ಸಿಲಾಕರಂಗ್, ಸಿಂಗಪಾಡು ಕೂಡ ಇದೇ ಕಸುಬಿನ ಊರುಗಳು. ನಾನು ಬೆಳಿಗ್ಗೆ ಬೇಗ ಅಲ್ಲಿಗೆ ಹೋಗಿದ್ದೆ. ನಮ್ಮ ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಿ ಕೇಳುವ ಟಣ್ ಟಣ್ ಸದ್ದು ಅಲ್ಲಿಲ್ಲ. ಮರದ ಕೊಡತಿ, ತೆಳು ಉಳಿ, ಮೆತ್ತನೆಯ ಕಲ್ಲು. ಬರೀ ಟಪ್ ಟಪ್ ಅನ್ನುತ್ತದೆ, ತೆಂಗಿನಕಾಯಿ ಸಿಪ್ಪೆ ಬಡಿದ ಹಾಗೆ.

ದೇವಸ್ಥಾನದ ಬಾಗಿಲು ಕಟ್ಟುವ ಕ್ರಮವೇ ನೋಡಲು ಚೆಂದ. ಮೊದಲು ಬರೀ ದಿಮ್ಮಿಗಳನ್ನು ಒಂದರ ಮೇಲೊಂದು ಜೋಡಿಸಿ ದಪ್ಪ ಆಕಾರ ನಿಲ್ಲಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಗಾರೆ ಹಾಕುತ್ತಿರಲಿಲ್ಲ. ನೀರು ಹಾಕಿ ಒಂದಕ್ಕೊಂದು ಉಜ್ಜುತ್ತಿದ್ದರು. ಉಜ್ಜಿದ ನುಣುಪು ಹಿಟ್ಟೇ ಅಂಟಾಗುತ್ತಿತ್ತು. ಕೆಂಪು ಇಟ್ಟಿಗೆಗೂ ಇದೇ ಉಪಾಯ. ಆಮೇಲೆ ನಿಂತ ಗೋಡೆಯ ಮೇಲೇ ಕೆತ್ತನೆ. ಅಳತೆ, ದಿಕ್ಕು, ಯಾವುದು ಎಲ್ಲಿ ಅನ್ನುವುದನ್ನು ನಿರ್ಧರಿಸುವವನು ಉಂಡಗಿ. ನಮ್ಮ ಸ್ಥಪತಿ ಇದ್ದ ಹಾಗೆ. ಕೆತ್ತುವವರು ಅವನ ಮಾತಿನಂತೆ ನಡೆದರೂ ಎಲೆಯ ಸುರುಳಿ ಎಷ್ಟು ತಿರುಗಬೇಕು ಅನ್ನುವುದು ಅವರವರ ಕೈಗೆ ಬಿಟ್ಟಿದ್ದು.

ಕೆತ್ತನೆಗೂ ವ್ಯಾಕರಣ ಇದೆ. ಗೋಡೆಯ ಕೆಳ ಮೂಲೆಯಲ್ಲಿ ಆನೆಯ ತಲೆ ಬರುತ್ತದೆ, ಮೇಲಿನ ಮೂಲೆಯಲ್ಲಿ ಕಾಗೆಯ ಕೊಕ್ಕು. ನೆಲದ್ದು ಕೆಳಗೆ, ಆಕಾಶದ್ದು ಮೇಲೆ. ನಡುವೆ ತುಂಬುವ ಬಳ್ಳಿಗಳಿಗೆ ಪತ್ರ ಅಂತಲೇ ಹೆಸರು, ನಮ್ಮದೇ ಶಬ್ದ. ಪತ್ರ ಪುಂಗೆಲ್, ಪತ್ರ ಸಾರಿ, ಹೀಗೆ. ಅದರಲ್ಲಿ ಪತ್ರ ಚಿನಾ ಅಂತ ಒಂದಿದೆ, ಪತ್ರ ಉಲಾಂದಾ ಅಂತ ಇನ್ನೊಂದು. ಉಲಾಂದಾ ಅಂದರೆ ಹಾಲೆಂಡ್, ಅಂದರೆ ಡಚ್ಚರು. ವ್ಯಾಪಾರಕ್ಕೆ ಬಂದವರ ಹೂವು, ಆಳಲು ಬಂದವರ ಹೂವು, ಎರಡನ್ನೂ ಇಟ್ಟುಕೊಂಡರು. ಎಲ್ಲಿಂದ ಬಂತು ಅನ್ನುವುದನ್ನು ಹೆಸರಿನಲ್ಲೇ ಉಳಿಸಿಕೊಂಡರು.

ಇನ್ನು ಬಾಗಿಲ ನೆತ್ತಿಯ ಮೇಲೆ ಕಣ್ಣು ಉಬ್ಬಿಸಿ, ಹಲ್ಲು ಕಿರಿದು, ಎರಡೂ ಕೈ ಚಾಚಿದ ಮುಖವನ್ನು ನೋಡಿರುತ್ತೀರಿ. ನಮ್ಮ ಗುಡಿಗಳ ಕೀರ್ತಿಮುಖದ ಹತ್ತಿರದ ನೆಂಟ. ಅವನ ಹೆಸರು ಭೋಮ. ವಿಷ್ಣುವಿಗೂ ಭೂದೇವಿಗೂ ಹುಟ್ಟಿದ ಮಗ. ಗೊತ್ತಾಯಿತಲ್ಲ ಯಾರು ಅಂತ? ನಮ್ಮ ಭಾಗವತದ ಭೌಮಾಸುರ, ನರಕ ಚತುರ್ದಶಿಯ ನರಕಾಸುರ. ಹಳೆಯ ಜಾವಾ ಭಾಷೆಯ ಕಾವ್ಯದಲ್ಲೂ ಅವನನ್ನು ಕೃಷ್ಣನೇ ಕೊಲ್ಲುತ್ತಾನೆ. ಆದರೆ ಬಾಲಿಯಲ್ಲಿ ವಿಷ್ಣು ನೀರಿನ ದೇವರು. ನೀರು ಮತ್ತು ನೆಲ ಸೇರಿದರೆ ಹುಟ್ಟುವುದು ಹಸಿರು. ಹಾಗಾಗಿ ಭೋಮನ ಸುತ್ತ ಬರೀ ಎಲೆ, ಬಳ್ಳಿ. ನಾವು ಪಟಾಕಿ ಹಚ್ಚಿ ಕಳಿಸಿದವನನ್ನು ಅವರು ಬಾಗಿಲು ಕಾಯಲು ಇಟ್ಟುಕೊಂಡಿದ್ದಾರೆ. ಇದನ್ನು ಮೊದಲು ತಿಳಿದಾಗ ಆದ ಖುಷಿ ನನಗೆ ಇನ್ನೂ ಹೋಗಿಲ್ಲ.

ಸೆಟ್ ಅಲ್ವಾ ಅಂದಿರಿ. 1917ರ ಜನವರಿ 21ರಂದು ಬಾಲಿಯಲ್ಲಿ ದೊಡ್ಡ ಭೂಕಂಪವಾಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ದ್ವೀಪದ ತುಂಬ ಗುಡಿಗಳು ಬಿದ್ದವು. ಅಗುಂಗ್ ಬೆಟ್ಟದ ಮಡಿಲಲ್ಲಿರುವ ಬೆಸಾಕಿ, ಅಂದರೆ ಬಾಲಿಯ ಎಲ್ಲ ಗುಡಿಗಳ ತಾಯಿ ಗುಡಿ, ಅದಕ್ಕೂ ಪೆಟ್ಟಾಯಿತು. ಆಗ ವಿಮಾನದಲ್ಲಿ ಬರುವ ಪ್ರವಾಸಿಗಳು ಎಲ್ಲಿದ್ದರು? ಊರಿನವರು ತಮ್ಮ ದೇವರಿಗಾಗಿ ಮತ್ತೆ ಕಟ್ಟಿದರು. ಅಲ್ಲಿ ಊರಿನ ಕೂಟಕ್ಕೆ ಬಂಜಾರ್ ಅನ್ನುತ್ತಾರೆ, ದೇವಸ್ಥಾನಕ್ಕೆ ಕೂಲಿಯಿಲ್ಲದೆ ಮಾಡುವ ಕೆಲಸಕ್ಕೆ ಙಾಯಾ. ಹಣವನ್ನೂ ಮೈಬೆವರನ್ನೂ ಊರೇ ಕೊಡುತ್ತದೆ. ಕೆಲಸ ಮುಗಿದ ಮೇಲೆ ಮೆಲಾಸ್ಪಸ್ ಅನ್ನುವ ಶುದ್ಧಿಯ ಪೂಜೆ ಆಗಬೇಕು. ಅಲ್ಲಿಯತನಕ ಅದು ಬರೀ ಕಟ್ಟಡ. ನೀವು ನಿಂತು ನೋಡಿದ ಬಾಗಿಲೂ ಹೀಗೇ ಎದ್ದದ್ದು.

ಉಬುದ್‌ನಲ್ಲಿ ತಾವರೆ ಕೊಳದ ಹಿಂದಿನ ಸರಸ್ವತಿ ಗುಡಿಯನ್ನು ನೋಡದೆ ಯಾರೂ ಬರುವುದಿಲ್ಲ. ಅದು 1950ರ ದಶಕದ ಶುರುವಿನದ್ದು. ಮಾಡಿದವರು ಐ ಗುಸ್ತಿ ಞೊಮಾನ್ ಲೆಂಪಾಡ್. ಉಂಡಗಿ, ಶಿಲ್ಪಿ, ಚಿತ್ರಕಾರ, ಎಲ್ಲವೂ ಅವರೇ. 1978ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ನಮ್ಮಲ್ಲಿ ದಾಸೋಜ, ಚಾವಣ, ಮಲ್ಲಿತಮ್ಮ ಎಂದು ಕಲ್ಲಿನ ಮೇಲೇ ಹೆಸರು ಬರೆದುಕೊಂಡ ಶಿಲ್ಪಿಗಳಿದ್ದಾರೆ. ಬಾಲಿಯ ಗುಡಿಗಳಲ್ಲಿ ಆ ರೂಢಿ ಇಲ್ಲ. ಲೆಂಪಾಡ್ ಹೆಸರು ಉಳಿದದ್ದು ಜನರ ಬಾಯಲ್ಲಿ.

ಹೊಸದನ್ನು ಸೇರಿಸಿಕೊಳ್ಳುವ ಧೈರ್ಯವೂ ಇದೇ ಅಭ್ಯಾಸದಿಂದ ಬಂದದ್ದು. ಉತ್ತರ ಬಾಲಿಯ ಕುಬುತಂಬಹಾನ್‌ನಲ್ಲಿ ಮೆದುವೆ ಕರಂಗ್ ಅನ್ನುವ ಗುಡಿ ಇದೆ. ಅಲ್ಲಿಯ ಗೋಡೆಯ ಮೇಲೆ ಒಬ್ಬ ಸೈಕಲ್ ಹೊಡೆಯುತ್ತಿದ್ದಾನೆ! ಹಿಂದಿನ ಚಕ್ರ ಚಕ್ರವಲ್ಲ, ಅರಳಿದ ತಾವರೆ. 1904ರಲ್ಲಿ ಸೈಕಲ್ ತಂದು ಊರೂರು ಸುತ್ತಿದ ಡಚ್ ಕಲಾವಿದ ನ್ಯೂವೆನ್‌ಕಾಂಪ್ ಅವನೇ ಅನ್ನುತ್ತಾರೆ. ಜಗರಾಗದ ಗುಡಿಯಲ್ಲಿ ಮೋಟಾರು ಕಾರು ಇದೆ, ಬೀಳುತ್ತಿರುವ ವಿಮಾನ ಇದೆ. ಸೆಟ್ ಹಾಕುವವರು ಇಂಥದ್ದನ್ನು ಕೆತ್ತುತ್ತಾರಾ ಮೇಷ್ಟ್ರೇ? ಅವರು ಹಳೆಯದನ್ನೇ ಹುಡುಕಿ ಹುಡುಕಿ ನಕಲು ಮಾಡುತ್ತಾರೆ.

ಈಗ ನಿಮ್ಮ ಸಿಮೆಂಟ್ ಗಣೇಶನ ವಿಷಯ. ಇಲ್ಲಿ ನಿಮ್ಮ ಬೇಸರ ನನ್ನದೂ ಹೌದು.

ಹೋಟೆಲ್ಲು, ಬ್ಯಾಂಕು, ಸರ್ಕಾರಿ ಕಚೇರಿ, ಎಲ್ಲದಕ್ಕೂ ಈಗ ಬಾಲಿ ಕೆತ್ತನೆ ಬೇಕು. ವಿಮಾನ ನಿಲ್ದಾಣದ ದಾರಿಯಲ್ಲೂ ಎರಡಾಗಿ ಸೀಳಿದ ಗೋಪುರದಂಥ ಚಂದಿ ಬೆಂತಾರ್ ನಿಂತಿದೆ. ಹೊಸ ಕಟ್ಟಡಗಳಲ್ಲಿ ಬಾಲಿಯ ವಾಸ್ತುವಿನ ಗುಣ ಕಾಣಬೇಕು ಅನ್ನುವ ಪ್ರಾಂತ್ಯದ ನಿಯಮ 2005ರಲ್ಲಿ ಬಂತು. ಉದ್ದೇಶ ಒಳ್ಳೆಯದೇ. ಆದರೆ ಇಷ್ಟೊಂದು ಕೆತ್ತನೆಯನ್ನು ಕೈಯಲ್ಲಿ ಮಾಡಿಸುವ ಪುರುಸೊತ್ತೂ ಇಲ್ಲ, ದುಡ್ಡು ಬಿಚ್ಚುವ ಮನಸ್ಸೂ ಇಲ್ಲ. ಹಾಗಾಗಿ ಒಂದು ಮಾದರಿ ಕೆತ್ತಿ, ಅದರ ಅಚ್ಚು ತೆಗೆದು, ಕಲ್ಲಿನ ಪುಡಿ ಕಲಸಿದ ಸಿಮೆಂಟ್ ಸುರಿಯುತ್ತಾರೆ. ನೂರು ಭೋಮ, ನೂರಕ್ಕೂ ಒಂದೇ ಮುಖ. ಅಚ್ಚಿನ ಭೋಮನ ಬಳ್ಳಿಯ ಹಿಂದೆ ಬೆರಳು ತೂರಿಸಿ ನೋಡಿ, ಹೋಗುವುದಿಲ್ಲ. ಕೆತ್ತಿದ್ದರಲ್ಲಿ ಎಲೆ ಹಿಂದಿನಿಂದಲೂ ಬಿಡಿಸಿಕೊಂಡಿರುತ್ತದೆ. ಮುಂದಿನ ಸಲ ಕೊಳ್ಳುವಾಗ ಹೀಗೆ ಪರೀಕ್ಷೆ ಮಾಡಿ.

ಆದರೆ ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಈಗ ಗುಡಿಗಳಿಗೇ ಬೇರೆ ಕಲ್ಲು ಬರುತ್ತಿದೆ. ಜಾವಾದ ಜೋಗ್ಯಕರ್ತಾ ಕಡೆಯಿಂದ ಬಿಳಿ ಕಲ್ಲು ಬರುತ್ತದೆ. ಪೂರ್ವದ ಕರಂಗಾಸೆಮ್‌ನಿಂದ, ಅಗುಂಗ್ ಬೆಟ್ಟ ಉಗುಳಿದ ಲಾವಾದ ಕಪ್ಪು ಕಲ್ಲು ಬರುತ್ತದೆ. ಕಪ್ಪು ಕಲ್ಲು ಬಹಳ ಗಟ್ಟಿ, ಪಾಚಿಗೆ ಬಗ್ಗುವುದಿಲ್ಲ. ಊರಿನವರು ಅದನ್ನು ಇಷ್ಟಪಡುವುದು ಸಹಜ. ಪದೇ ಪದೇ ಕಟ್ಟಿಸುವ ಖರ್ಚು ಉಳಿಯುತ್ತದೆ. ಅವರನ್ನು ತಪ್ಪು ಅನ್ನಲು ನಾನು ಯಾರು? ಆದರೆ ಯೋಚನೆ ಮಾಡಿ. ಆ ಕಲ್ಲಿಗೆ ಗ್ರೈಂಡರ್ ಬೇಕು. ಪರಾಸ್‌ನಲ್ಲಿ ಬೆರಳಿನ ಹಾಗೆ ತಿರುಗುತ್ತಿದ್ದ ಎಲೆ ಇದರಲ್ಲಿ ಚಪ್ಪಟೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಬಾಗಿಲು ಮೊಮ್ಮಗನ ಕಾಲಕ್ಕೂ ಸವೆಯುವುದಿಲ್ಲ. ಆಗ ಮೊಮ್ಮಗನನ್ನು ಯಾರೂ ಕರೆಯುವುದಿಲ್ಲ. ಮಳೆ ಇಷ್ಟು ಕಾಲ ಅವನಿಗೆ ಕೆಲಸ ಕೊಡುತ್ತಾ ಬಂದಿತ್ತು.

ಒಂದು ಸಮಾಧಾನ ಇದೆ. 210 ದಿನಕ್ಕೊಮ್ಮೆ ಬಾಲಿಯಲ್ಲಿ ತುಂಪೆಕ್ ಲಾಂದೆಪ್ ಬರುತ್ತದೆ. ಲೋಹದ ಹತಾರಗಳ ಪೂಜೆ. ನಮ್ಮ ಆಯುಧಪೂಜೆಯೇ ಅಂದುಕೊಳ್ಳಿ, ಬೈಕು, ಕಾರಿಗೂ ಹೂವು ಏರುತ್ತದೆ. ಉಳಿಯೂ ಆ ಸಾಲಿನಲ್ಲಿ ಇದೆ.

ಕೊನೆಯದಾಗಿ, ನಿಜವಾಗಿ ಹಳೆಯದನ್ನೇ ನೋಡಬೇಕು ಅಂದರೆ ಬಂಡೆಯಲ್ಲಿ ಕೊರೆದದ್ದನ್ನು ಹುಡುಕಿ. ತಂಪಕ್‌ಸಿರಿಂಗ್‌ನ ಗುನುಂಗ್ ಕಾವಿಯಲ್ಲಿ ಹೊಳೆಯ ಎರಡೂ ಕಡೆ ಹತ್ತು ಗುಡಿಯ ಮುಖಗಳನ್ನು ಬಂಡೆಯಲ್ಲೇ ಬಿಡಿಸಿದ್ದಾರೆ. 11ನೇ ಶತಮಾನದ್ದು. ಒಂದೊಂದು ಗೂಡೂ ಸುಮಾರು ಏಳು ಮೀಟರ್ ಎತ್ತರ. ಮೆಟ್ಟಿಲು ಬಹಳ ಇವೆ, ಬೆಳಿಗ್ಗೆಯೇ ಹೋಗಿ. ಮಂಡಿ ನೋವಿದ್ದರೆ ಅದನ್ನು ಬಿಟ್ಟು ಬೆದುಲು ಹಳ್ಳಿಯ ಯೆ ಪುಲುಗೆ ಹೋಗಿ. ಜನಜಂಗುಳಿಯ ಗೋವಾ ಗಜ ಗುಹೆಯಿಂದ ದೂರವೇನಿಲ್ಲ, ಗದ್ದೆಯ ಪಕ್ಕದಲ್ಲಿ ನಡೆದರೆ ಸಿಗುತ್ತದೆ. ಸುಮಾರು 25 ಮೀಟರ್ ಉದ್ದದ ಬಂಡೆ, ಆಳೆತ್ತರದ ಕೆತ್ತನೆ, 14ನೇ ಶತಮಾನದ್ದು. ಮಣ್ಣಲ್ಲಿ ಮುಚ್ಚಿಹೋಗಿದ್ದು 1925ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಹೆಗಲ ಮೇಲೆ ಅಡ್ಡೆ ಹೊತ್ತವನಿದ್ದಾನೆ. ಬಾಗಿಲಲ್ಲಿ ನಿಂತ ಹೆಂಗಸಿದ್ದಾಳೆ. ಬೇಟೆಯಿದೆ, ಕುದುರೆಯಿದೆ. ಅಂಚುಗಳೆಲ್ಲ ಸವೆದಿವೆ. ನಿಧಾನವಾಗಿ ತುದಿಯತನಕ ನಡೆಯಿರಿ. ಅಲ್ಲಿ ಒಂದು ಗೂಡಿನಲ್ಲಿ ಗಣೇಶ ಕೂತಿದ್ದಾನೆ. ಅವನ ಬೆನ್ನಿಗೆ ಬಂಡೆಯೇ ಇದೆ, ಅಚ್ಚಿನ ಗೆರೆ ಇಲ್ಲ.

— ಸಂಪಾದಕ